ಜಲ್ಲಿ ಕೂರುವ ಹೊತ್ತು

“ಅಷ್ಟು ಸಿರಿವಂತ ದೇಶ ಮಾರಾಯ, ಹೈವೇ ಮೇಲೆ ಜಲ್ಲಿ ಚೆಲ್ಲಿ ಹಾಗೇ ಬಿಟ್ಟಿದಾರೆ!”

ನ್ಯೂಜಿಲೆಂಡಿನ ಮಗಳ ಮನೆಯಿಂದ ವಾಪಸು ಬಂದ ಪಕ್ಕದ ಮನೆ ಮೇಷ್ಟ್ರು ಬೇಲಿ ಹತ್ತಿರ ನಿಂತು ಹೇಳಿದ ಸುದ್ದಿಯಲ್ಲಿ ಹಸುರು ಗುಡ್ಡ, ಕುರಿಮಂದೆ, ಬಿಸಿನೀರಿನ ಬುಗ್ಗೆ ಎಲ್ಲ ಬಂದವು. ಮಾತು ಬಂದು ನಿಂತದ್ದು ಮಾತ್ರ ಈ ಜಲ್ಲಿಯ ಹತ್ತಿರ. ಹ್ಯಾಮಿಲ್ಟನ್‌ನಿಂದ ಟೌಪೊ ಸರೋವರ ನೋಡಲು ಕಾರಿನಲ್ಲಿ ಹೊರಟಿದ್ದಾರೆ. ದಾರಿಯಲ್ಲೊಂದು ಕಡೆ ರಸ್ತೆ ತುಂಬ ಹೊಸ ಕಲ್ಲಿನ ಚೂರು. ಎದುರಿನಿಂದ ಕಾರೊಂದು ಭರ್ರನೆ ಹೋದದ್ದೇ ತಡ, ಅಳಿಯನ ಕಾರಿನ ಮುಂಗಾಜಿಗೆ ಟಣ್ ಅಂತ ಒಂದು ಕಲ್ಲು ಬಡಿದು ಬಿರುಕು ಬಿಟ್ಟಿದೆ.

“ನೀನು ಜೀವಮಾನವಿಡೀ ರಸ್ತೆ ಕೆಲಸದಲ್ಲೇ ಇದ್ದವನು, ಹೇಳು ನೋಡೋಣ. ಮರದ ದಿಮ್ಮಿ ಹೇರಿಕೊಂಡ ಲಾರಿ, ಹಾಲಿನ ಟ್ಯಾಂಕರು ಸಾಲುಸಾಲಾಗಿ ಓಡಾಡೋ ರಸ್ತೆ ಅದು. ಅಂಥ ರಸ್ತೆಗೆ ನುಣ್ಣಗೆ ಡಾಂಬರು ಹಾಕೋದು ಬಿಟ್ಟು ಜಲ್ಲಿ ಸುರಿಯೋದು ಅಂದ್ರೇನು?”

“ಮೇಷ್ಟ್ರೇ, ಅದು ಸುರಿದದ್ದಲ್ಲ, ಅಳೆದು ಹಾಸಿದ್ದು” ಅಂದೆ. ಅವರು ನಂಬಲಿಲ್ಲ. ನನಗೆ ಇದು ಬಹಳ ಹತ್ತಿರದ ವಿಷಯ. ರಸ್ತೆ ಸಾಮಗ್ರಿಗಳ ಪರೀಕ್ಷಾಲಯದಲ್ಲಿ ಜಲ್ಲಿ ಜರಡಿ ಹಿಡಿದು, ಡಾಂಬರು ಕಾಸಿ, ಇದರ ಪರವಾಗಿ ಸೈಟಿನಲ್ಲಿ ವಾದ ಮಾಡಿ ಮಾಡಿ ಕೂದಲು ನರೆತವನು ನಾನು. ಹಾಗಾಗಿ ಬೇಲಿಯ ಈಚೆ ನಾನೂ ಒಂದು ಕಲ್ಲುಕಂಬಕ್ಕೆ ಒರಗಿ ನಿಂತೆ.

ನ್ಯೂಜಿಲೆಂಡಿನಲ್ಲಿ ರಾಷ್ಟ್ರೀಯ ಹೆದ್ದಾರಿಗಳೇ ಸುಮಾರು 11,000 ಕಿಲೋಮೀಟರಿನಷ್ಟಿವೆ. ಅದರಲ್ಲಿ ಹೆಚ್ಚುಪಾಲಿಗೆ ಮೇಲ್ಮೈ ಇದೇ ಜಲ್ಲಿ ಹೊದಿಕೆ, ಚಿಪ್‌ಸೀಲ್ ಅಂತ ಅದರ ಹೆಸರು. ಆಕ್ಲೆಂಡ್‌ನಂಥ ನಗರದೊಳಗಿನ ಮೋಟಾರುದಾರಿಗೆ ಬೇರೆ ಡಾಂಬರು ಮಿಶ್ರಣ ಹಾಕುತ್ತಾರೆ. ಊರು ದಾಟಿದ ಮೇಲೆ ಉದ್ದಕ್ಕೂ ಕಲ್ಲಿನ ಹೊದಿಕೆ. ಜನ ಕಡಿಮೆ, ರಸ್ತೆ ಉದ್ದ, ಮಳೆ ಜೋರು. ಇರುವ ದುಡ್ಡಿನಲ್ಲಿ ಅಷ್ಟೂ ರಸ್ತೆಯೊಳಗೆ ನೀರು ಇಳಿಯದಂತೆ ನೋಡಿಕೊಳ್ಳಬೇಕೆಂದು ಹೊರಟವರು ಈ ಕೆಲಸವನ್ನು ಒಂದು ವಿದ್ಯೆಯ ಮಟ್ಟಕ್ಕೆ ಒಯ್ದರು. ಬಡತನಕ್ಕೆ ಮಾಡಿದ್ದು ಅನ್ನುವ ಹಾಗಿಲ್ಲ. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ಇಂಗ್ಲೆಂಡು ಎಲ್ಲ ಕಡೆ ಉಂಟು. ನಮ್ಮಲ್ಲೂ ಸರ್ಫೇಸ್ ಡ್ರೆಸ್ಸಿಂಗ್ ಅಂತ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2005ರಲ್ಲಿ ಇದಕ್ಕೇ ಅಂತ ಒಂದು ಸಂಹಿತೆ ಹೊರಡಿಸಿದೆ, ಐಆರ್‌ಸಿ 110 ಅಂತ ಅದರ ನಂಬರು.

“ಮಾಡೋದು ಹೇಗೆ, ಅದನ್ನ ಹೇಳು” ಅಂದರು ಮೇಷ್ಟ್ರು.

ಹೇಳಿದೆ. ಮೊದಲು ಇರುವ ಡಾಂಬರು ರಸ್ತೆಯನ್ನು ಧೂಳಿಲ್ಲದ ಹಾಗೆ ಗುಡಿಸಬೇಕು. ಆಮೇಲೆ ಸ್ಪ್ರೇಯರ್ ಲಾರಿ ಹಿಂದಿನ ಉದ್ದನೆಯ ಕೊಳವೆಯಿಂದ ಬಿಸಿ ಡಾಂಬರನ್ನೋ ಎಮಲ್ಷನ್ನನ್ನೋ ರಸ್ತೆಯ ಅಗಲಕ್ಕೂ ಒಂದೇ ಸಮನಾಗಿ ಸಿಂಪಡಿಸಿಕೊಂಡು ಹೋಗುತ್ತದೆ. ಅದರ ಬೆನ್ನಿಗೇ ಜಲ್ಲಿ ಹಾಸುವ ಯಂತ್ರ. ಒಂದೇ ಗಾತ್ರದ ಜಲ್ಲಿ ಒಂದೇ ಒಂದು ಪದರ ಬೀಳಬೇಕು, ಕಲ್ಲಿನ ಮೇಲೆ ಕಲ್ಲು ಕೂರಬಾರದು. ಅದರ ಹಿಂದೆ ಟೈರ್ ರೋಲರ್. ಕಬ್ಬಿಣದ ಚಕ್ರದ ರೋಲರ್ ಆದರೆ ಉಬ್ಬಿದ ಕಲ್ಲನ್ನು ಪುಡಿ ಮಾಡುತ್ತದೆ, ತಗ್ಗಿನ ಕಲ್ಲನ್ನು ಮುಟ್ಟುವುದೇ ಇಲ್ಲ. ರಬ್ಬರ್ ಟೈರಾದರೆ ರಸ್ತೆಯ ಏರುತಗ್ಗಿಗೆ ಬಾಗಿ ಎಲ್ಲ ಕಲ್ಲನ್ನೂ ಒತ್ತುತ್ತದೆ.

ಎಮಲ್ಷನ್ ಅಂದರೆ ಡಾಂಬರಿನ ಸಣ್ಣ ಸಣ್ಣ ಹನಿಗಳು ನೀರಿನಲ್ಲಿ ತೇಲಿಕೊಂಡಿರುವ ದ್ರವ. ರಸ್ತೆಗೆ ಬಿದ್ದಾಗ ಕಂದು ಬಣ್ಣ. ನೋಡನೋಡುತ್ತಿದ್ದ ಹಾಗೆ ನೀರು ಬೇರೆಯಾಗಿ ಕಪ್ಪಾಗತೊಡಗುತ್ತದೆ. ಕಪ್ಪಾಗುವ ಮೊದಲೇ ಜಲ್ಲಿ ಬಿದ್ದಿರಬೇಕು. ಸೈಟಿನಲ್ಲಿ ನಿಂತವನ ಕಣ್ಣು ಪೂರಾ ಆ ಬಣ್ಣದ ಮೇಲೆ. ಜಲ್ಲಿ ಟಿಪ್ಪರ್ ಹಿಂದೆ ಬಿದ್ದಿದೆ ಅಂತಾದರೆ ಸ್ಪ್ರೇಯರನ್ನು ಅಲ್ಲಿಗೇ ನಿಲ್ಲಿಸಬೇಕು. ‘ಇಷ್ಟುದ್ದ ಹೊಡೆದುಬಿಡ್ತೀನಿ ಸಾರ್, ಟಿಪ್ಪರ್ ಬರ್ತಾ ಇದೆ’ ಅನ್ನುವ ಡ್ರೈವರನ ಮಾತಿಗೆ ಒಪ್ಪಿದರೆ ಆ ತುಂಡಿನ ಜಲ್ಲಿ ಮೊದಲ ಮಳೆಗೇ ಕಿತ್ತು ಬರುತ್ತದೆ.

“ಅಷ್ಟೆಲ್ಲ ಮಾಡಿದ ಮೇಲೆ ರಸ್ತೆ ಗಟ್ಟಿಯಾಗತ್ತಾ?”

ಇಲ್ಲ. ಇದನ್ನು ಮಾತ್ರ ಎಲ್ಲರೂ ಕಿವಿಯಲ್ಲಿ ಇಟ್ಟುಕೊಳ್ಳಬೇಕು. ಮಲೆನಾಡಿನ ಗದ್ದೆಯಲ್ಲಿ ನಾಟಿಗೆ ನಿಂತವರು ಬೆನ್ನ ಮೇಲೆ ಗೊರಬು ಹಾಕಿಕೊಳ್ಳುತ್ತಾರಲ್ಲ, ಇದು ರಸ್ತೆಯ ಗೊರಬು. ನೀರು ಒಳಗೆ ಇಳಿಯದ ಹಾಗೆ ಕಾಯುತ್ತದೆ, ಬಿಸಿಲಿಗೂ ಗಾಳಿಗೂ ಹಳೆ ಡಾಂಬರು ಒಣಗಿ ಬೂದಿಬಣ್ಣಕ್ಕೆ ತಿರುಗಿ ಸೀಳುವುದನ್ನು ತಡೆಯುತ್ತದೆ, ನುಣುಪಾಗಿ ಜಾರುತ್ತಿದ್ದ ಮೇಲ್ಮೈಗೆ ಟೈರು ಕಚ್ಚುವ ಒರಟು ಕೊಡುತ್ತದೆ. ಗೊರಬು ಹಾಕಿಕೊಂಡವನ ಸೊಂಟವೇ ಮುರಿದಿದ್ದರೆ ಗೊರಬು ಏನು ಮಾಡೀತು? ಅಡಿಪಾಯ ಕುಸಿದು, ಚಕ್ರದ ಹಳ್ಳ ಬಿದ್ದು, ಗುಂಡಿ ಎದ್ದ ರಸ್ತೆಯ ಮೇಲೆ ಜಲ್ಲಿ ಹಾಸಿದರೆ ದುಡ್ಡು ದಂಡ. ರಸ್ತೆ ಇನ್ನೂ ಚೆನ್ನಾಗಿರುವಾಗಲೇ ಹಾಸಬೇಕು. ಆದರೆ ಚೆನ್ನಾಗಿರುವ ರಸ್ತೆಗೆ ಯಾಕೆ ಖರ್ಚು ಅಂತ ಕೇಳುವವರೇ ಎಲ್ಲ ಊರಲ್ಲೂ. ಕೂದಲೆಳೆ ಬಿರುಕು ಕಾಣಿಸಿದಾಗ ಮೇಲೊಂದು ಹೊದಿಕೆ ಕೊಟ್ಟರೆ ಮತ್ತೆ ಆರೇಳು ವರ್ಷ ನಿಶ್ಚಿಂತೆ. ಆ ಹೊತ್ತು ತಪ್ಪಿದರೆ ನೀರು ಕೆಳಗಿನ ಜಲ್ಲಿ ಪದರಕ್ಕೆ ಇಳಿಯುತ್ತದೆ, ಮೇಲೆ ಲಾರಿ ಹೋದಂತೆಲ್ಲ ಆ ನೀರೇ ಕೆಸರನ್ನು ಮೇಲಕ್ಕೆ ಪಂಪು ಮಾಡುತ್ತದೆ. ಆಮೇಲೆ ಅಗೆದು ಕಟ್ಟುವುದೇ ದಾರಿ.

ಮೇಷ್ಟ್ರು ಸುಮ್ಮನಾದರು. ಆದರೂ ಅವರ ಮೂಲ ಪ್ರಶ್ನೆ ಹಾಗೇ ಇತ್ತು. “ಹಳ್ಳಿ ರಸ್ತೆಗೆ ಸರಿ. ಅಷ್ಟು ಗಾಡಿ ಓಡಾಡೋ ಹೆದ್ದಾರಿಗೆ? ಕಿತ್ತು ಹೋಗಲ್ವಾ?”

ಇಲ್ಲಿಗೆ ನನಗೆ ನಿಜವಾದ ಉತ್ಸಾಹ ಬಂತು. 1930ರ ದಶಕದಲ್ಲಿ ನ್ಯೂಜಿಲೆಂಡಿನಲ್ಲಿ ಎಫ್. ಎಂ. ಹ್ಯಾನ್ಸನ್ ಅಂತ ಒಬ್ಬ ಇಂಜಿನಿಯರ್ ಇದ್ದರು. ಹಾಸಿದ ಜಲ್ಲಿ ರಸ್ತೆಯ ಮೇಲೆ ಏನಾಗುತ್ತದೆ ಅಂತ ಕೂತು ಅಳೆದವರು ಅವರು. ಯಂತ್ರದಿಂದ ಬಿದ್ದಾಗ ಕಲ್ಲು ಹೇಗೆ ಬೇಕೋ ಹಾಗೆ ಬಿದ್ದಿರುತ್ತದೆ, ಒಂದು ನಿಂತು, ಒಂದು ಓರೆಯಾಗಿ. ಆಗ ಕಲ್ಲುಗಳ ನಡುವಿನ ಸಂದು ಶೇ. 50ರ ಹತ್ತಿರ. ರೋಲರ್ ಓಡಿದ ಮೇಲೆ ಅದು ಶೇ. 30ಕ್ಕೆ ಇಳಿಯುತ್ತದೆ. ಆಮೇಲೆ ವಾಹನಗಳು ಓಡಾಡಿ ಓಡಾಡಿ ಒಂದೊಂದು ಕಲ್ಲೂ ಹೊರಳಿ, ತನ್ನ ಅತಿ ಚಪ್ಪಟೆಯಾದ ಮಗ್ಗುಲಿನ ಮೇಲೆ ಮಲಗುತ್ತದೆ. ಆಗ ಸಂದು ಶೇ. 20. ಆ ಉಳಿದ ಸಂದಿನಲ್ಲಿ ಸುಮಾರು ಶೇ. 60ರಿಂದ 75ರಷ್ಟನ್ನು ಡಾಂಬರು ತುಂಬಿದರೆ ಕಲ್ಲು ಹಿಡಿದುಕೊಳ್ಳುತ್ತದೆ, ಮೇಲೆ ಒರಟೂ ಉಳಿಯುತ್ತದೆ. ಜಲ್ಲಿಯ ಸರಾಸರಿ ಕನಿಷ್ಠ ದಪ್ಪ ಎಷ್ಟು ಅಂತ ಗೊತ್ತಾದರೆ ಡಾಂಬರು ಎಷ್ಟು ಬೇಕು ಅಂತ ಲೆಕ್ಕ ಹಾಕಬಹುದು. ಜಗತ್ತಿನ ಎಷ್ಟೋ ದೇಶಗಳ ಲೆಕ್ಕಾಚಾರದ ಬುಡದಲ್ಲಿ ಇವತ್ತಿಗೂ ಇರುವುದು ಇದೇ.

“ಅಂದ್ರೆ…” ಅಂದರು ಮೇಷ್ಟ್ರು, ಪಾಠ ಹೇಳಿದವರು, ಥಟ್ಟನೆ ಹಿಡಿದರು, “ರಸ್ತೆ ಕೆಲಸ ಮುಗಿಸೋರು ಕಂಟ್ರಾಕ್ಟರ್ ಅಲ್ಲ, ಅದರ ಮೇಲೆ ಓಡಾಡೋ ನಾವು!”

ಹೌದು. ಹೆಚ್ಚು ವಾಹನ ಇದ್ದಷ್ಟೂ ಕಲ್ಲು ಬೇಗ ಹೊರಳಿ ಕೂರುತ್ತದೆ. ಆದ್ದರಿಂದ ಗಿಜಿಗುಡುವ ರಸ್ತೆಗೆ ಡಾಂಬರನ್ನು ಸ್ವಲ್ಪ ಕಡಿಮೆಯೇ ಹಾಕಬೇಕು, ಜನ ಓಡಾಡದ ರಸ್ತೆಗೆ ಸ್ವಲ್ಪ ಹೆಚ್ಚು. ‘ದೊಡ್ಡ ರಸ್ತೆ, ಒಂದಿಷ್ಟು ಜಾಸ್ತಿ ಹೊಡೀರಿ’ ಅಂತ ಹೇಳುವವರಿಗೆ ಇದನ್ನು ಮನದಟ್ಟು ಮಾಡಿಸುವುದು ಬಹಳ ಕಷ್ಟ. ಜಾಸ್ತಿ ಹೊಡೆದರೆ ಲಾರಿಗಳು ಕಲ್ಲನ್ನು ಒತ್ತಿ ಒತ್ತಿ ಡಾಂಬರು ಮೇಲಕ್ಕೆ ಬರುತ್ತದೆ. ಚಕ್ರ ಹೋಗುವ ಎರಡು ಪಟ್ಟೆಯಲ್ಲಿ ಕಲ್ಲು ಮುಳುಗಿ ಕರ್ರಗೆ ಹೊಳೆಯುತ್ತದೆ. ಏಪ್ರಿಲ್ ಮಧ್ಯಾಹ್ನ ಚಪ್ಪಲಿ ಅಂಟುತ್ತದೆ, ಜೂನ್ ಮಳೆಗೆ ಬ್ರೇಕು ಹಿಡಿಯುವುದಿಲ್ಲ. ಯಾವ ಜಾರುವಿಕೆಯನ್ನು ತಪ್ಪಿಸಲು ಕೆಲಸ ಮಾಡಿದೆವೋ ಅದನ್ನೇ ಕೈಯಾರೆ ಹಾಸಿ ಕೊಟ್ಟ ಹಾಗೆ ಆಗುತ್ತದೆ.

ವಾಹನವೇ ರೋಲರ್ ಅಂದ ಮೇಲೆ ವೇಗದ ಮಾತು ಬರುತ್ತದೆ. ನಿಧಾನ ಹೋಗುವ ಟೈರು ಕಲ್ಲನ್ನು ಒತ್ತುತ್ತದೆ, ಜೋರಾಗಿ ಹೋಗುವ ಟೈರು ಕೀಳುತ್ತದೆ. ಮೊದಲ ದಿನದ ಡಾಂಬರಿಗೆ ಇನ್ನೂ ಹಿಡಿತ ಬಂದಿರುವುದಿಲ್ಲ. ನಮ್ಮ ಕೇಂದ್ರ ಸಚಿವಾಲಯದ ರಸ್ತೆ ಕಾಮಗಾರಿ ಪುಸ್ತಕ ಇದರಲ್ಲಿ ಬಹಳ ಸ್ಪಷ್ಟ. ಹೊಸದಾಗಿ ಹಾಸಿದ ಮೇಲ್ಮೈಗೆ ಮಾರನೇ ದಿನದ ತನಕ ವಾಹನ ಬಿಡಬಾರದು. ಬಿಡಲೇಬೇಕಾದ ಅನಿವಾರ್ಯ ಬಂದರೆ ಮಾರನೇ ದಿನದವರೆಗೆ ಗಂಟೆಗೆ 16 ಕಿಲೋಮೀಟರ್ ಮೀರದ ಹಾಗೆ ಕಟ್ಟುನಿಟ್ಟಾಗಿ ತಡೆಯಬೇಕು. ಇಂಗ್ಲೆಂಡಿನಲ್ಲಿ ಹೊಸ ಹೊದಿಕೆಯ ಮೇಲೆ ಗಂಟೆಗೆ 20 ಮೈಲಿ ಅಂತ ಫಲಕ ನಿಲ್ಲಿಸುತ್ತಾರೆ. ನ್ಯೂಜಿಲೆಂಡಿನಲ್ಲೂ ತಾತ್ಕಾಲಿಕ ವೇಗಮಿತಿಯ ಫಲಕ ಇರುತ್ತದೆ.

“ಫಲಕ ಇತ್ತು” ಅಂದರು ಮೇಷ್ಟ್ರು. “ನಮ್ಮ ಹುಡುಗ ನಿಧಾನವಾಗೇ ಹೋಗ್ತಿದ್ದ. ಎದುರಿನವನು ನೋಡಲಿಲ್ಲ.”

ಆ ಎದುರಿನವನು ಒಡೆದದ್ದು ಗಾಜು ಒಂದನ್ನೇ ಅಲ್ಲ. ಅವನ ಟೈರು ಕಿತ್ತ ಪ್ರತಿ ಕಲ್ಲಿನ ಜಾಗದಲ್ಲೂ ರಸ್ತೆಗೆ ಒಂದು ತೂತು ಉಳಿಯಿತು. ಪಕ್ಕದ ಕಲ್ಲಿಗೆ ಆಸರೆ ತಪ್ಪಿತು, ಮುಂದಿನ ಲಾರಿಗೆ ಅದೂ ಕಿತ್ತು ಬರುತ್ತದೆ. ಬಿಡುವಿಲ್ಲದ ಹೆದ್ದಾರಿಯಲ್ಲಿ ಈ ಕೆಲಸ ಕೆಡುವುದು ಹೆಚ್ಚಾಗಿ ಹೀಗೆಯೇ. ವಾಹನ ಹೆಚ್ಚು ಅಂತಲ್ಲ, ಮೊದಲ ಕೆಲವು ಗಂಟೆ ಅವುಗಳನ್ನು ನಿಧಾನ ಮಾಡಿಸುವವರು ಇಲ್ಲ ಅಂತ. ಫಲಕ ನೆಟ್ಟು ಮನೆಗೆ ಹೋದರೆ ಸಾಲದು. ಕೆಲವು ದೇಶಗಳಲ್ಲಿ ಪೈಲಟ್ ವಾಹನ ಇಟ್ಟಿರುತ್ತಾರೆ. ಮುಂದೆ ಒಂದು ಜೀಪು ಬೇಕಂತಲೇ ನಿಧಾನ ಹೋಗುತ್ತದೆ, ಹಿಂದೆ ಎಲ್ಲರೂ ಸಾಲಾಗಿ ಹೋಗಬೇಕು. ಸಾಲು ಹೋದಷ್ಟೂ ರೋಲಿಂಗ್ ಆಯಿತು. ಇದಕ್ಕೆ ತಗಲುವ ಖರ್ಚು ಜಲ್ಲಿ ಡಾಂಬರಿನ ಖರ್ಚಿನ ಮುಂದೆ ಏನೇನೂ ಅಲ್ಲ. ಆದರೂ ಬಿಲ್ಲಿನಲ್ಲಿ ಮೊದಲು ಕತ್ತರಿ ಬೀಳುವುದು ಇದಕ್ಕೇ, ನನ್ನ ಹೊಟ್ಟೆ ಉರಿಯುವುದು ಅಲ್ಲಿಯೇ.

ಜಲ್ಲಿ ಹೆಚ್ಚಾದರೂ ಕೇಡು. ಒಂದು ಪದರಕ್ಕಿಂತ ಮೇಲೆ ಬಿದ್ದ ಕಲ್ಲು ಡಾಂಬರನ್ನು ಮುಟ್ಟುವುದೇ ಇಲ್ಲ, ಹಿಡಿದುಕೊಂಡ ಕಲ್ಲನ್ನು ಟೈರಿನಡಿ ಮೀಟಿ ಎಬ್ಬಿಸುತ್ತದೆ. ಹಾಗಾಗಿ ಸೈಟಿನಲ್ಲಿ ಒಂದು ತಗಡಿನ ತಟ್ಟೆಯನ್ನು ರಸ್ತೆಯ ಮೇಲಿಟ್ಟು, ಯಂತ್ರ ಅದರ ಮೇಲೆ ಹಾಸಿಕೊಂಡು ಹೋದ ಮೇಲೆ ಬಿದ್ದ ಜಲ್ಲಿಯನ್ನು ತೂಗುತ್ತೇವೆ. 13 ಮಿಲಿಮೀಟರ್ ಜಲ್ಲಿಗೆ ಚದರ ಮೀಟರಿಗೆ ಡಾಂಬರು ಹತ್ತಿರಹತ್ತಿರ ಒಂದು ಕಿಲೋ ಅಂತ ನಮ್ಮ ಪುಸ್ತಕದ ಲೆಕ್ಕ. ಅದನ್ನು ಹಳೆ ರಸ್ತೆ ಎಷ್ಟು ಒಣಗಿದೆ, ಎಷ್ಟು ಹೀರುತ್ತದೆ ಅಂತ ನೋಡಿ ಹೊಂದಿಸಿಕೊಳ್ಳಬೇಕು. ಕೊನೆಗೆ ಸುಳ್ಳು ಹೇಳದ ಪರೀಕ್ಷೆ ಅಂದರೆ ಬಗ್ಗಿ ಒಂದು ಕಲ್ಲನ್ನು ಉಗುರಿನಿಂದ ಮೀಟಿ ತೆಗೆಯುವುದು. ತಿರುಗಿಸಿ ಬಿಸಿಲಿಗೆ ಹಿಡಿದರೆ ಡಾಂಬರು ಎಲ್ಲಿಯ ತನಕ ಏರಿದೆ ಅಂತ ಕಪ್ಪು ಗೆರೆ ಕಾಣುತ್ತದೆ. ರೋಲರ್ ಆದ ಮೇಲೆ ಕಲ್ಲಿನ ಅರ್ಧಕ್ಕೆ ಗೆರೆ ಬಂದಿದ್ದರೆ ಸರಿ, ವಾಹನ ಓಡಾಡಿದ ಮೇಲೆ ಮುಕ್ಕಾಲಿಗೆ ಹತ್ತಿರ ಬರುತ್ತದೆ. ಬುಡಕ್ಕೆ ಮಾತ್ರ ಕಪ್ಪು ಅಂಟಿದ್ದರೆ ಉದುರುತ್ತದೆ. ನೆತ್ತಿಯ ತನಕ ಕಪ್ಪಾಗಿದ್ದರೆ ಬೇಸಿಗೆಗೆ ಒಸರುತ್ತದೆ. ಬೆಳ್ಳಗೆ ಹಿಟ್ಟು ಮೆತ್ತಿದ್ದರೆ ಜಲ್ಲಿ ತೊಳೆದಿಲ್ಲ. ಕ್ರಷರ್ ಧೂಳು ಅಂಟಿದ ಕಲ್ಲಿಗೆ ಎಷ್ಟು ಒಳ್ಳೆಯ ಡಾಂಬರು ಹಾಕಿದರೂ ಡಾಂಬರು ಹಿಡಿಯುವುದು ಧೂಳನ್ನು, ಕಲ್ಲನ್ನಲ್ಲ.

“ಹಾಗಾದ್ರೆ ಲಾರಿ ಓಡಾಡೋ ರಸ್ತೆಗೆ ಬೇರೆ ಏನೂ ವಿಶೇಷ ಇಲ್ವಾ? ಅಳತೆ ಸರಿ ಇದ್ರೆ ಆಯ್ತಾ?”

ಉಂಟು. ನ್ಯೂಜಿಲೆಂಡಿನವರು ಭಾರದ ರಸ್ತೆಗೆ ಎರಡು ಗಾತ್ರದ ಕಲ್ಲು ಹಾಕುತ್ತಾರೆ. ಮೊದಲು ದಪ್ಪ ಜಲ್ಲಿ, ಅದರ ಸಂದಿಗೆ ಬೇಬಿ ಜಲ್ಲಿ. ಸಣ್ಣದು ಹೋಗಿ ದೊಡ್ಡದರ ಪಕ್ಕೆಗೆ ಬೆಣೆ ಹೊಡೆದ ಹಾಗೆ ಕೂತರೆ ದೊಡ್ಡದು ಅಲ್ಲಾಡುವುದಿಲ್ಲ, ಸದ್ದೂ ಸ್ವಲ್ಪ ಕಡಿಮೆ. ಡಾಂಬರಿಗೆ ಪಾಲಿಮರ್ ಬೆರೆಸಿದರೆ ಬೇಸಿಗೆಗೆ ಕರಗಿ ಹರಿಯುವುದು ಕಡಿಮೆ, ಚಳಿಗೆ ಬಿರುಸಾಗುವುದೂ ಕಡಿಮೆ. ಜಲ್ಲಿಗೆ ಮೊದಲೇ ತೆಳ್ಳಗೆ ಡಾಂಬರು ಸವರಿ ತಂದರೆ ಧೂಳಿನ ಕಾಟ ತಪ್ಪುತ್ತದೆ. ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ನಗರದ ಇಂಜಿನಿಯರ್ ಚಾರ್ಲ್ಸ್ ಮೆಕ್‌ಡೊನಾಲ್ಡ್ ಅನ್ನುವವರು 1960ರ ದಶಕದಲ್ಲಿ ಹಳೆ ಟೈರಿನ ಪುಡಿಯನ್ನು ಬಿಸಿ ಡಾಂಬರಿಗೆ ಬೆರೆಸಿ, ಅದರ ಮೇಲೆ ಜಲ್ಲಿ ಹಾಸಿ, ಬಿರುಕು ಬಿಟ್ಟ ರಸ್ತೆಗೆ ಹೊದಿಸಿದರು. ರಬ್ಬರು ಸೇರಿದ ಡಾಂಬರು ಕೆಳಗಿನ ಬಿರುಕಿನ ಜೊತೆ ಎಳೆದುಕೊಳ್ಳುತ್ತದೆ, ಹರಿಯುವುದಿಲ್ಲ. ಅಂಥ ಸುಡು ಬಿಸಿಲಿನ ಊರಿನಲ್ಲಿ ಹುಟ್ಟಿದ ವಿದ್ಯೆ ನಮ್ಮ ಬಳ್ಳಾರಿ ರಾಯಚೂರಿನ ಬಿಸಿಲಿಗೆ ಯಾಕೆ ಬೇಡ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಆದರೂ ಎಲ್ಲ ಕಡೆ ಅಲ್ಲ. ಲಾರಿ ತಿರುಗುವ ಸರ್ಕಲ್, ಸಿಗ್ನಲ್ ಮುಂದೆ ಬ್ರೇಕು ಒತ್ತುವ ಜಾಗ, ಬಸ್ ನಿಲ್ದಾಣದ ಬಾಯಿ, ಘಾಟಿಯ ಹೇರ್‌ಪಿನ್ ತಿರುವು ಇಲ್ಲೆಲ್ಲ ಟೈರು ಕಲ್ಲನ್ನು ತಿರುಚುತ್ತದೆ. ಒತ್ತುವುದನ್ನು ತಡೆಯುವ ಕಲ್ಲು ತಿರುಚುವುದನ್ನು ತಡೆಯಲಾರದು. ಅಲ್ಲಿಗೆ ದಪ್ಪ ಡಾಂಬರು ಮಿಶ್ರಣವೇ ಸರಿ. ಒಂದೇ ರಸ್ತೆಯಲ್ಲಿ ನೇರ ಓಟಕ್ಕೆ ಜಲ್ಲಿ ಹೊದಿಕೆ, ಸರ್ಕಲ್ಲಿಗೆ ಮಿಶ್ರಣ ಅಂತ ಮಾಡಿದರೆ ತಪ್ಪೇನೂ ಇಲ್ಲ.

ನಮ್ಮ ಕಡೆಯ ಕಲ್ಲಿನ ಬಗ್ಗೆಯೂ ಮೇಷ್ಟ್ರು ಕೇಳಿದರು. ಕರ್ನಾಟಕದ ದಕ್ಷಿಣದ ಕ್ವಾರಿಗಳಲ್ಲಿ ಸಿಗುವುದು ಹೆಚ್ಚಾಗಿ ಗ್ರಾನೈಟು, ನೈಸ್. ಗಟ್ಟಿಯೇನೋ ಹೌದು. ಆದರೆ ಸಿಲಿಕಾ ಹೆಚ್ಚಿರುವ ಈ ಕಲ್ಲಿಗೆ ಡಾಂಬರಿಗಿಂತ ನೀರಿನ ಮೇಲೆ ಒಲವು ಜಾಸ್ತಿ. ಮಳೆಗಾಲದಲ್ಲಿ ನೀರು ಕಲ್ಲಿಗೂ ಡಾಂಬರಿಗೂ ನಡುವೆ ನುಸುಳಿ ಬಿಡಿಸಿಬಿಡುತ್ತದೆ. ಇದಕ್ಕೆ ಕ್ಯಾಟಯಾನಿಕ್ ಎಮಲ್ಷನ್ ಒಳ್ಳೆಯದು. ಅದರ ಹನಿಗಳಿಗೆ ಧನ ವಿದ್ಯುತ್, ಕಲ್ಲಿನ ಮೈಗೆ ಋಣ, ಒಂದನ್ನೊಂದು ಎಳೆದುಕೊಳ್ಳುತ್ತವೆ. ಬಿಸಿ ಡಾಂಬರೇ ಹಾಕುವುದಾದರೆ ಬಿಡದಂತೆ ಹಿಡಿಸುವ ರಾಸಾಯನಿಕ ಬೆರೆಸಬೇಕು.

“ಒಂದು ಲಾಭ ನನಗೂ ಕಾಣ್ತು” ಅಂದರು ಅವರು. “ಬೆಂಗಳೂರಲ್ಲಿ ನನ್ನ ತಮ್ಮನ ಮನೆ ಹೊಸ್ತಿಲಿಗಿಂತ ರಸ್ತೆನೇ ಎತ್ತರ ಆಗಿದೆ. ಪ್ರತಿ ಸಲ ಮೇಲಿಂದ ಮೇಲೆ ಹಾಕಿ ಹಾಕಿ. ಮಳೆ ಬಂದ್ರೆ ನೀರು ಸೀದಾ ಹಜಾರಕ್ಕೆ.”

ಅದು ಸರಿಯಾದ ಮಾತು. ಇದು ಒಂದು ಕಲ್ಲಿನಷ್ಟೇ ದಪ್ಪ, ರಸ್ತೆಯ ಮಟ್ಟ ಏರುವುದಿಲ್ಲ, ಚರಂಡಿಯ ಬಾಯಿ ಮುಚ್ಚುವುದಿಲ್ಲ. ಆದರೆ ಊರೊಳಗೆ ಹಾಕುವುದಾದರೆ ಸಣ್ಣ ಜಲ್ಲಿಯೇ ಬೇಕು, ಯಾಕೆಂದರೆ ದಪ್ಪ ಜಲ್ಲಿಯ ಮೇಲೆ ಟೈರಿನ ಗದ್ದಲ ಜಾಸ್ತಿ. ರಾತ್ರಿ ರಸ್ತೆ ಪಕ್ಕದ ಮನೆಯವರಿಗೆ ನಿದ್ದೆ ಬರಬೇಕಲ್ಲ. ಸೈಕಲ್ಲಿನವರಿಗೂ ಒರಟು ರಸ್ತೆಯಲ್ಲಿ ತುಳಿಯುವುದು ಭಾರ. ನ್ಯೂಜಿಲೆಂಡಿನ ಸೈಕಲ್ ಸವಾರರ ಹಳೆಯ ದೂರು ಅದು.

ಮೇಷ್ಟ್ರ ಮುಖದಲ್ಲಿ ಇನ್ನೊಂದು ಪ್ರಶ್ನೆ ಇತ್ತು. “ಅಲ್ಲಿ ಒಡೆದದ್ದು ಕಾರಿನ ಗಾಜು. ನಮ್ಮಲ್ಲಿ ಅರ್ಧ ಜನ ಬೈಕು, ಸ್ಕೂಟರಲ್ಲಿ ಹೋಗ್ತಾರೆ. ಸಡಿಲ ಜಲ್ಲಿ ಮೇಲೆ ಬ್ರೇಕು ಹಾಕಿದ್ರೆ ಏನಾಗತ್ತೆ ಅಂತ ಈ ಬೀದೀಲೇ ನೋಡಿದೀವಿ.”

ನನಗೂ ಹೆದರಿಕೆ ಇರುವುದು ಅದೇ. ನಮ್ಮ ದೇಶದಲ್ಲಿ ಈ ಕೆಲಸ ಮಾಡುವವರು ಇದನ್ನು ಮೊದಲನೇ ಸಾಲಿನಲ್ಲಿ ಬರೆದುಕೊಳ್ಳಬೇಕು. ಕಾರಿನವನಿಗೆ ಗಾಜಿನ ನಷ್ಟ, ಹೆಂಡತಿ ಮಗು ಕೂರಿಸಿಕೊಂಡು ಸ್ಕೂಟರಿನಲ್ಲಿ ಹೋಗುವವನಿಗೆ ಪ್ರಾಣ. ರೋಲರ್ ಆಗಿ ಡಾಂಬರು ಕಲ್ಲನ್ನು ಹಿಡಿದ ಕೂಡಲೇ ಮಿಕ್ಕ ಜಲ್ಲಿಯನ್ನು ಗುಡಿಸಿ ತೆಗೆಯಬೇಕು, ಮರುದಿನ ಬೆಳಿಗ್ಗೆ ಇನ್ನೊಮ್ಮೆ, ಅದಾದ ಮೇಲೂ ಮತ್ತೊಮ್ಮೆ. ವಾಹನ ಓಡಿದಂತೆಲ್ಲ ಸಡಿಲ ಕಲ್ಲು ಅಂಚಿಗೆ ಸರಿದು ರಾಶಿಯಾಗುತ್ತದೆ. ಬೈಕಿನವರು ಹೋಗುವುದೇ ಆ ಅಂಚಿನಲ್ಲಿ. ತಿರುವಿನ ಒಳಮಗ್ಗುಲಲ್ಲಂತೂ ಒಂದು ಹಿಡಿ ಜಲ್ಲಿ ಸಾಕು. ಜೋರಾಗಿ ಉಜ್ಜುವ ಯಂತ್ರ ಹೊಸ ಕಲ್ಲನ್ನೂ ಕಿತ್ತುಬಿಡುತ್ತದೆ, ಹೀರುವ ಯಂತ್ರ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಹಗುರ ಕೈಯ ಪೊರಕೆ. ಗುಡಿಸಲು ಆಳು ಇಲ್ಲ ಅನ್ನುವ ಗುತ್ತಿಗೆದಾರನಿಗೆ ಸ್ಪ್ರೇಯರ್ ಹೊರಡಿಸಲು ಅನುಮತಿಯನ್ನೇ ಕೊಡಬಾರದು ಅನ್ನುವುದು ನನ್ನ ಮಾತು. ಇದರಲ್ಲಿ ರಾಜಿಗೆ ನಾನು ತಯಾರಿಲ್ಲ.

ಅಷ್ಟರಲ್ಲಿ ಮೇಷ್ಟ್ರು ಗೇಟು ತೆಗೆದು ನಮ್ಮ ಬೀದಿಗೇ ಇಳಿದಿದ್ದರು. “ಬಾ, ಇದಕ್ಕೆ ಹಾಕಬಹುದಾ ಹೇಳು. ವಾರ್ಡಿನವರು ಬಂದ್ರೆ ನಾನೇ ಮಾತಾಡ್ತೀನಿ.”

ಹೋಗಿ ನೋಡಿದೆವು. ಮೇಲ್ಮೈ ಬೂದಿಬಣ್ಣಕ್ಕೆ ಬಂದಿದೆ, ಕೂದಲೆಳೆ ಬಿರುಕು ಅಲ್ಲಲ್ಲಿ, ಆದರೆ ಹಳ್ಳ ಬಿದ್ದಿಲ್ಲ. ಮೂಲೆ ಮನೆಯ ಹತ್ತಿರ ಮಾತ್ರ ಬಿರುಕಿನೊಳಗೆ ಹುಲ್ಲು ಬೆಳೆದು, ಕಾಲಲ್ಲಿ ಒತ್ತಿದರೆ ಕೆಸರು ಜಿನುಗಿತು. ಪಕ್ಕದ ಚರಂಡಿ ಕಟ್ಟಿಕೊಂಡು ನೀರು ರಸ್ತೆಯಡಿಗೆ ಹೋಗುತ್ತಿದೆ.

“ಹಾಕಬಹುದು ಮೇಷ್ಟ್ರೇ. ಮೊದಲು ಆ ಚರಂಡಿ ಬಿಡಿಸಲಿ. ಈ ಮೂಲೆಯನ್ನು ಅಗೆದು ಕೆಳಗಿನಿಂದ ಪ್ಯಾಚು ಮಾಡಲಿ, ಅದು ಒಂದು ಮಳೆ ಕಾಣಲಿ. ಆಮೇಲೆ ಜನವರಿ, ಫೆಬ್ರವರಿಯಲ್ಲಿ ಬಿಸಿಲು ಬಿದ್ದ ದಿನ ನೋಡಿ 6 ಮಿಲಿಮೀಟರ್ ಜಲ್ಲಿ ಹಾಸಲಿ. ಮೇ ತಿಂಗಳಿಗೆ ಮುಂದೂಡಿದರೆ ಒಪ್ಪಬೇಡಿ, ಆಗಿನ ಗುಡುಗು ಮಳೆ ಹಸಿ ಎಮಲ್ಷನ್ನನ್ನು ತೊಳೆದುಕೊಂಡು ಹೋಗುತ್ತದೆ.”

“ಬರೆದುಕೊಡು ಇಷ್ಟನ್ನೂ” ಅಂದರು ಮೇಷ್ಟ್ರು. “ಗುಡಿಸೋ ವಿಷಯ ಎಲ್ಲಕ್ಕಿಂತ ಮೇಲೆ ಬರಿ.”